ಮಲದಲ್ಲಿ ರಕ್ತ ಬಂದರೆ ಅದು ಬರೀ ‘ಉಷ್ಣ’ವೇ? ಕರುಳಿನ ಉರಿಯೂತದ ಬಗ್ಗೆ ತಿಳಿಯಿರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಮಲದಲ್ಲಿ ರಕ್ತ ಕಂಡರೆ ಮೊದಲು ಕೇಳಿಬರುವ ಮಾತು ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ’. ಆಮೇಲಿನದು ‘ಮೂಲವ್ಯಾಧಿ ಇರಬೇಕು’. ಮೊಬೈಲ್‌ಗೆ ಬರುವ ಮನೆಮದ್ದಿನ ಸಂದೇಶಗಳೂ ಇದನ್ನೇ ಹೇಳುತ್ತವೆ. ಹಲವರಲ್ಲಿ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಎಲ್ಲರಲ್ಲೂ ಅಲ್ಲ.

ಐಬಿಡಿ ಎಂದರೇನು?
ಇನ್‌ಫ್ಲಮೇಟರಿ ಬೊವೆಲ್ ಡಿಸೀಸ್, ಅಂದರೆ ಕರುಳಿನ ದೀರ್ಘಕಾಲದ ಉರಿಯೂತ. ಇದರಲ್ಲಿ ಎರಡು ಮುಖ್ಯ ಬಗೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರ ಹುಣ್ಣಾಗುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಇದು ಅಂಟುರೋಗವಲ್ಲ.

‘ಇದು ವಿದೇಶದವರ ಕಾಯಿಲೆ’ ಎಂಬುದು ನಿಜವೇ?
ಅಲ್ಲ. ಪಂಜಾಬಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲೇ 1 ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂದಿತ್ತು.

ಕರುಳಿನೊಳಗೆ ಏನಾಗುತ್ತದೆ?
ನಾವು ತಿನ್ನುವ ರಾಗಿ, ಕಾಳು, ಸೊಪ್ಪಿನ ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ‘ಬ್ಯುಟಿರೇಟ್’ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ. 70ರಷ್ಟು ಸಿಗುವುದು ಇದರಿಂದಲೇ. ಐಬಿಡಿ ಇರುವವರಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಕಡಿಮೆಯಾಗಿರುತ್ತವೆ. ಉರಿಯೂತವಿರುವ ಕೋಶಗಳಿಗೆ ಸಿಕ್ಕ ಬ್ಯುಟಿರೇಟನ್ನು ಬಳಸುವುದೂ ಕಷ್ಟ. ಒಳಪದರ ದುರ್ಬಲವಾಗಿ, ಬ್ಯಾಕ್ಟೀರಿಯಾ ಒಳನುಗ್ಗಿ, ಉರಿಯೂತ ಮತ್ತಷ್ಟು ಹೆಚ್ಚುತ್ತದೆ.

ಹಾಗಾದರೆ ಮುದ್ದೆ ತಿಂದರೆ ಗುಣವಾಗುತ್ತದೆಯೇ?
ಇಲ್ಲ. ಕಾಯಿಲೆ ಹತೋಟಿಯಲ್ಲಿದ್ದಾಗ ಹೆಚ್ಚಿನವರು ಮುದ್ದೆ ಉಣ್ಣಬಹುದು. ಆದರೆ ಕಾಯಿಲೆ ಉಲ್ಬಣಿಸಿದಾಗ ಅಥವಾ ಕರುಳು ಕಿರಿದಾಗಿದ್ದಾಗ ಹೆಚ್ಚು ನಾರು ತಿಂದರೆ ನೋವು ಹೆಚ್ಚಬಹುದು. ಮಜ್ಜಿಗೆ, ಮೆಂತ್ಯ ಔಷಧಿಗೆ ಬದಲಿಯಲ್ಲ. ‘ಈಗ ಆರಾಮಿದೆ’ ಎಂದು ಮಾತ್ರೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹಲವು ಪಟ್ಟು ಹೆಚ್ಚು.

ಅಂಗಡಿಯಿಂದ ಸ್ಟಿರಾಯ್ಡ್ ಮಾತ್ರೆ ತಂದು ನುಂಗಬಹುದೇ?
ಖಂಡಿತ ಬೇಡ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೆ. ಅದು ಥೇಟ್ ಕ್ರೋನ್ಸ್‌ನಂತೆಯೇ ಕಾಣುತ್ತದೆ. ಕ್ಷಯವಿದ್ದವರು ಬರೀ ಸ್ಟಿರಾಯ್ಡ್ ನುಂಗಿದರೆ ಸೋಂಕು ಹರಡಿ ಪ್ರಾಣಕ್ಕೇ ಅಪಾಯ.

ಯಾವಾಗ ಆಸ್ಪತ್ರೆಗೆ ಹೋಗಬೇಕು?
• ಮಲದಲ್ಲಿ ರಕ್ತ ಅಥವಾ ಲೋಳೆ ಮತ್ತೆ ಮತ್ತೆ ಬಂದರೆ
• ಭೇದಿ 4 ವಾರ ದಾಟಿದರೆ
• ರಾತ್ರಿ ನಿದ್ದೆಯಿಂದ ಎದ್ದು ಶೌಚಕ್ಕೆ ಓಡುವಂತಾದರೆ
• ತೂಕ ಇಳಿದರೆ, ಜ್ವರ ಬಂದರೆ, ರಕ್ತಹೀನತೆ ಆದರೆ
ರಕ್ತ ಹೆಚ್ಚು ಹೋಗುತ್ತಿದ್ದರೆ ಅಥವಾ ಹೊಟ್ಟೆ ಉಬ್ಬಿ ತೀವ್ರ ನೋವಿದ್ದರೆ ಅದೇ ದಿನ ಹೋಗಿ.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ, ಮಲ ಪರೀಕ್ಷೆಯಿಂದ ಶುರು ಮಾಡಿ. ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಕರುಳಿನ ಉರಿಯೂತದ ಸುಳಿವು ಕೊಡುತ್ತದೆ. ಖಚಿತವಾಗಲು ಕೊಲೊನೋಸ್ಕೋಪಿ, ಬಯಾಪ್ಸಿ ಬೇಕು. ಅದಕ್ಕೆ ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಯೂ ಇದೆ.

ಒಟ್ಟಿನಲ್ಲಿ: ಐಬಿಡಿ ಪೂರ್ತಿ ವಾಸಿಯಾಗದಿದ್ದರೂ ಔಷಧಿಯಿಂದ ಹತೋಟಿಗೆ ಬರುತ್ತದೆ. ಹೇಳಲು ಸಂಕೋಚಪಟ್ಟು ತಡಮಾಡುವುದೇ ದೊಡ್ಡ ಅಪಾಯ. ‘15 ದಿನದಲ್ಲಿ ಗುಣ’ ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ.