ವಿದ್ಯಾರ್ಥಿನಿಲಯವೂ ಅಂಟುಜಾಡ್ಯವೂ

ಆಳಂದ ತಾಲ್ಲೂಕಿನ ಮಟಕಿಯಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಆಯಿ ಪ್ಲೇಗಿನ ಕಾಲದ ಮಾತು ಹೇಳುತ್ತಿದ್ದಳು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಊರಿಗೆ ಊರೇ ಬಾಗಿಲು ಮುಚ್ಚಿ, ದನಕರುಗಳೊಡನೆ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ವೈದ್ಯಶಾಸ್ತ್ರ ಓದದ ಜನ ಕಂಡುಕೊಂಡ ಈ ಉಪಾಯ ತಪ್ಪಾಗಿರಲಿಲ್ಲ. ಪ್ಲೇಗು ಬಹುಮಟ್ಟಿಗೆ ಇಲಿಯ ಮೈಮೇಲಿನ ಚಿಗಟದಿಂದ ಹರಡುವ ರೋಗ. ಮನೆ ಬಿಟ್ಟವನು ಇಲಿಯಿಂದಲೂ ದೂರವಾದ, ಚಿಗಟದಿಂದಲೂ ದೂರವಾದ. 1665ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯ ಮಾಡಿದ್ದೂ ಇದನ್ನೇ. ಪ್ಲೇಗಿಗೆ ಅಂಜಿ ವಿದ್ಯಾರ್ಥಿಗಳು ಚದುರಿದರು; ಅವರಲ್ಲೊಬ್ಬನಾದ ನ್ಯೂಟನ್ ತನ್ನ ಹಳ್ಳಿ ವುಲ್ಸ್‌ಥಾರ್ಪ್ ಸೇರಿದ. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಈ ಕಥೆಯನ್ನು ಹುಡುಗರಿಗೆ ಬೇಸರ ಬರುವಷ್ಟು ಸಲ ಹೇಳಲಾಯಿತು. ಮನೆಗೆ ಹೋದವರೆಲ್ಲ ನ್ಯೂಟನ್ನರಾಗುವುದಿಲ್ಲವೆಂಬುದು ಅಧ್ಯಾಪಕರಾದ ನಮಗೆ ತಿಳಿಯದ ಸಂಗತಿಯೇನಲ್ಲ.

ಆದರೆ ಉಸಿರಿನಿಂದ ಹರಡುವ ಜಾಡ್ಯದ ರೀತಿಯೇ ಬೇರೆ. ಅದು ಮನೆಯಲ್ಲಿ ಉಳಿಯುವುದಿಲ್ಲ. ಮನುಷ್ಯನೊಡನೆ ಪ್ರಯಾಣ ಮಾಡುತ್ತದೆ. ಇಂಥ ರೋಗಕ್ಕೆ ತರುಣರನ್ನು ಒಂದೆಡೆ ಕೂಡಿಹಾಕುವುದೂ ಅಪಾಯ, ಚದುರಿಸುವುದೂ ಅಪಾಯ. ಕೂಡಿಹಾಕಿದ್ದಕ್ಕೆ ಅಮೆರಿಕದಲ್ಲಿ ನಿದರ್ಶನವಿದೆ. 1918ರ ಅಕ್ಟೋಬರ್ 1ರಂದು, ಇನ್‌ಫ್ಲುಯೆಂಜಾದ ಎರಡನೆಯ ಅಲೆ ಏರುತ್ತಿದ್ದ ಹೊತ್ತಿಗೆ ಸರಿಯಾಗಿ, ಅಲ್ಲಿನ 500ಕ್ಕೂ ಹೆಚ್ಚು ಕಾಲೇಜುಗಳಲ್ಲಿ ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳನ್ನು ಸೈನಿಕ ಶಿಕ್ಷಣಕ್ಕೆ ಸೇರಿಸಿಕೊಂಡರು. ಯುದ್ಧದ ಅವಸರ ರೋಗದ ಮಾತನ್ನು ಕೇಳಲಿಲ್ಲ.

ಚದುರಿಸಿದ ನಿದರ್ಶನ ನಮ್ಮ ಜಿಲ್ಲೆಯದೇ. 2020ರ ಮಾರ್ಚ್ 10ರಂದು ಸೌದಿ ಅರೇಬಿಯದಿಂದ ಮರಳಿದ್ದ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದು ಕೋವಿಡ್‌ನಿಂದ ಭಾರತದಲ್ಲಾದ ಮೊದಲ ಸಾವೆಂದು 12ರಂದು ಖಚಿತವಾಯಿತು. ಮರುದಿನವೇ ಸರಕಾರದ ಘೋಷಣೆ ಹೊರಟು, 14ರಿಂದ ರಾಜ್ಯದ ವಿಶ್ವವಿದ್ಯಾಲಯ, ಚಿತ್ರಮಂದಿರ ಮೊದಲಾದವು ಮುಚ್ಚಿದವು. ಹೇಳಿದ್ದು ಒಂದು ವಾರವೆಂದು. ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ!

ಆ ಮಾರ್ಚ್ ತಿಂಗಳಲ್ಲಿ ವಿದ್ಯಾರ್ಥಿನಿಲಯಗಳು ಬರಿದಾದ ಬಗೆ ಕೇಳುಗರಲ್ಲಿ ಅನೇಕರಿಗೆ ನೆನಪಿರಬಹುದು. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. ನಮ್ಮ ತಾಲ್ಲೂಕಿನ ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇಂಥ ವಿದ್ಯಾಕೇಂದ್ರಗಳಿಗೆ ಬರುವವರು ಹತ್ತಾರು ಊರಿನ ಮಕ್ಕಳು. ಟ್ರಂಕು, ಹಾಸಿಗೆ ಹೊತ್ತು ಬಸ್ಸು ಹಿಡಿದ ಆರೋಗ್ಯವಂತ ತರುಣರನ್ನು ಪರೀಕ್ಷಿಸುವ ವ್ಯವಸ್ಥೆ ಆಗ ಎಲ್ಲಿತ್ತು? ನನಗೆ ತೋರುವಂತೆ ವಿದ್ಯಾರ್ಥಿನಿಲಯವೆಂದರೆ ಮುದುಕರಿಲ್ಲದ ಊರು. ಒಂದೇ ಕೋಣೆಯಲ್ಲಿ ಮೂವರು ನಾಲ್ವರು, ಒಂದೇ ಊಟದ ಮನೆ, ಒಂದೇ ಸ್ನಾನದ ಸಾಲು. ರೋಗ ಬಂದರೂ ನೆಗಡಿಯೆಂದೇ ಕಳೆದುಹೋಗುತ್ತದೆ. ಅದರ ನಿಜರೂಪ ಕಾಣುವುದು ಹುಡುಗ ಮನೆಗೆ ಹೋಗಿ ಅಜ್ಜನ ಮಗ್ಗುಲಲ್ಲಿ ಕುಳಿತ ಮೇಲೆ. ಕಲಬುರಗಿಯಲ್ಲಿ ಮೊದಲು ಸತ್ತವರ ವಯಸ್ಸನ್ನು ನಾವು ಮರೆಯಬಾರದು.

ಮುಂದಿನ ವರ್ಷ ಧಾರವಾಡದಲ್ಲಿ ಇನ್ನೊಂದು ದಾರಿ ಹಿಡಿದರು. 2021ರ ನವೆಂಬರ್ 17ರಂದು ಅಲ್ಲಿನ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ ನಡೆಯಿತು. 25ರಂದು 66 ಜನರಲ್ಲಿ ಸೋಂಕು ಕಂಡಿತು. 26ಕ್ಕೆ ಒಟ್ಟು 182, 27ಕ್ಕೆ 281, 28ಕ್ಕೆ 306. ಇವರಲ್ಲಿ ಹೆಚ್ಚಿನವರು ಎರಡೂ ಸಲ ಲಸಿಕೆ ಪಡೆದವರು, ಅದರ ಮೇಲೆ ವೈದ್ಯರಾಗಲಿದ್ದವರು! ಲಸಿಕೆ ಸೋಂಕನ್ನು ಪೂರ್ತಿ ತಡೆಯಲಿಲ್ಲ. ಆದರೆ ಬಹುತೇಕರಿಗೆ ರೋಗಲಕ್ಷಣಗಳೇ ಇರಲಿಲ್ಲ, ಇದ್ದವರಿಗೂ ಅಲ್ಪವಾಗಿದ್ದವು. ಅಂದರೆ ಪರೀಕ್ಷೆ ಮಾಡದಿದ್ದರೆ ಈ ಸುದ್ದಿಯೇ ಹೊರಬೀಳುತ್ತಿರಲಿಲ್ಲ. ವಿದ್ಯಾರ್ಥಿನಿಲಯಗಳಿಗೆ ಮೊಹರು ಹಾಕಿ, ಸೋಂಕಿತರನ್ನು ಅಲ್ಲಿಯೇ ಇರಿಸಿ ಉಪಚರಿಸಿದರು; ಮನೆಗೆ ಕಳಿಸಲಿಲ್ಲ. ಅದೇ 26ರಂದು ವಿಶ್ವ ಆರೋಗ್ಯ ಸಂಸ್ಥೆ ಒಮೈಕ್ರಾನ್ ಎಂಬ ಹೊಸ ತಳಿಗೆ ಹೆಸರಿಟ್ಟಿತ್ತು. ಜನ ಗಾಬರಿಗೊಂಡು ಎರಡನ್ನೂ ಗಂಟು ಹಾಕಿ ಮಾತಾಡಿದ್ದುಂಟು.

ತಾಯಿತಂದೆಯರಿಗೆ ಈ ದಿಗ್ಬಂಧನ ಕಠೋರವೆನಿಸಿತು. ಮಗ ಜ್ವರದಲ್ಲಿರುವಾಗ ಗೇಟಿನ ಹೊರಗೆ ನಿಲ್ಲುವುದು ಸುಲಭವಲ್ಲ. ಆದರೂ ಧಾರವಾಡದ ದಾರಿಯೇ ಸರಿಯಾದದ್ದೆಂದು ನನ್ನ ಎಣಿಕೆ. ಅದಕ್ಕೆ ಬೇಕಾದ ಪರೀಕ್ಷೆ, ಹಾಸಿಗೆ, ವೈದ್ಯರು ವೈದ್ಯಕೀಯ ಕಾಲೇಜಿನಲ್ಲಿ ಇದ್ದವು. ಹೋಬಳಿಯ ಹಾಸ್ಟೆಲಿನಲ್ಲಿ ಒಂದು ಖಾಲಿ ಕೋಣೆಯೂ ಇರುವುದಿಲ್ಲ. ಅಲ್ಲಿನ ವಾರ್ಡನ್ನರು ಮಕ್ಕಳನ್ನು ಮನೆಗೆ ಕಳಿಸದೆ ಏನು ಮಾಡಬೇಕಿತ್ತು?

2020ರ ಮಾರ್ಚಿನಲ್ಲಿ ಮಟಕಿಯ ನಮ್ಮ ಬಂಧುಗಳ ಹುಡುಗನೊಬ್ಬ ಹೀಗೆಯೇ ಊರಿಗೆ ಬಂದ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಅವನು ಒಳಗೆ ಕಾಲಿಡದೆ ನೇರವಾಗಿ ಹೊಲದ ಗುಡಿಸಲಿಗೆ ಹೋದ. ಹದಿನಾಲ್ಕು ದಿನ ಅಲ್ಲಿಯೇ ಇದ್ದ. ಅಜ್ಜಿ ಕಳಿಸಿದ ರೊಟ್ಟಿಯ ಗಂಟನ್ನು ತಮ್ಮ ಬದುವಿನ ಮೇಲೆ ಇಟ್ಟು, ಕೂಗಿ ಹೇಳಿ, ಹಿಂದಿರುಗುತ್ತಿದ್ದ.