ಮಣ್ಣಿನಡಿಯ ಅರಮನೆ, ನೀರಿನಡಿಯ ಗುಡಿ

ಶ್ರೀರಂಗಪಟ್ಟಣದ ಕೋಟೆಯೊಳಗೆ, ರಂಗನಾಥಸ್ವಾಮಿ ದೇವಾಲಯದಿಂದ ತುಸು ದೂರ ನಡೆದರೆ ಲಾಲ್ ಮಹಲಿನ ನಿವೇಶನ ಸಿಗುತ್ತದೆ. ಟಿಪ್ಪು ಸುಲ್ತಾನನ ಅರಮನೆ ಇದ್ದ ಜಾಗ. ಈಗ ಉಳಿದಿರುವುದು ತಳಪಾಯ ಮಾತ್ರ. ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಮಕ್ಕಳಿಂದ “ಅರಮನೆ ಎಲ್ಲಿ ಸಾರ್?” ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು. ಗೋಡೆಯ ಗುರುತಿನ ಪಕ್ಕದಲ್ಲೇ ನಡೆದು ಹೆಜ್ಜೆ ಎಣಿಸಿರೆಂದು ಹೇಳುತ್ತಿದ್ದೆ. ಎಣಿಸಿ ಮುಗಿಸುವ ಹೊತ್ತಿಗೆ ಅವರ ಕಣ್ಣಿಗೆ ಅರಮನೆ ಕಾಣತೊಡಗಿರುತ್ತಿತ್ತು.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ಕಟ್ಟಡವನ್ನು ನಿಂತಿರುವಾಗಲೇ ಕಂಡಿದ್ದನು. ಕಲ್ಲು ಮಣ್ಣಿನ ದಪ್ಪ ಗೋಡೆ ಸುತ್ತುವರಿದ, ಹೊರನೋಟಕ್ಕೆ ತೀರ ಸಾಧಾರಣವಾದ ದೊಡ್ಡ ಮನೆಯೆಂದು ಅವನು ಬರೆದಿಟ್ಟಿದ್ದಾನೆ. ಮುಂದೆ ಅರಮನೆಯನ್ನು ಕೆಡವಿದರು. 1829ರಲ್ಲಿ ಆರಂಭವಾದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಇಲ್ಲಿಯ ತೊಲೆಗಳು ಹೋದವು. ಮರ ಘಟ್ಟ ಹತ್ತಿತು, ತಳಪಾಯ ಮಾತ್ರ ಕದಲಲಿಲ್ಲ. ಆದ್ದರಿಂದಲೇ ಬುಕಾನನ್ನನ ಮಾತನ್ನು ನೆಲಕ್ಕೆ ಹಿಡಿದು ನೋಡಲು ನಮಗೆ ಸಾಧ್ಯವಾಗಿದೆ.

ಪಾಂಡವಪುರ ತಾಲ್ಲೂಕಿನ ಕನ್ನಂಬಾಡಿಯ ಕಥೆ ಇದಕ್ಕೆ ತಿರುಗುಮುರುಗು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ, ಅದೇ ಜಾಗದಲ್ಲಿ ಅಣೆಕಟ್ಟಿಗೆ ಟಿಪ್ಪು ಹಾಕಿಸಿದ್ದ ಫಾರಸಿ ಶಿಲಾಶಾಸನ ದೊರೆಯಿತು. ಒಂದು ಇತಿಹಾಸವನ್ನು ಮೇಲೆತ್ತಿದ ಕೆಲಸವೇ ಇನ್ನೊಂದನ್ನು ಮುಳುಗಿಸಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ಹಿನ್ನೀರಿನಲ್ಲಿ ಮರೆಯಾಯಿತು. ಬರದ ವರ್ಷಗಳಲ್ಲಿ ಮಾತ್ರ ಅದು ತಲೆ ತೋರುತ್ತಿತ್ತು. ಅಂಥದೊಂದು ಬೇಸಗೆಯಲ್ಲಿ ಬಿರಿದ ಕೆಸರಿನ ಮೇಲೆ ನಡೆದುಹೋಗಿ ನೋಡಿದ್ದೇನೆ. ಕಂಬಗಳ ಮೇಲೆ ನೀರಿನ ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಆಮೇಲೆ ಖೋಡೆ ಪ್ರತಿಷ್ಠಾನದವರು ಕಲ್ಲು ಕಲ್ಲಿಗೂ ಸಂಖ್ಯೆ ಹಾಕಿ, ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಗುಡಿ ಉಳಿಯಿತು, ಸಂತೋಷವೇ. ಆದರೆ ಯಾವ ಬೀದಿಯ ಕೊನೆಗೆ ಅದು ನಿಂತಿತ್ತು, ಯಾರ ಮನೆಗಳು ಎದುರಿಗಿದ್ದವು ಎಂಬುದನ್ನು ಆ ಕಲ್ಲುಗಳು ಇನ್ನು ಹೇಳಲಾರವು.

2017ರಲ್ಲಿ ರೈಲಿನ ಜೋಡಿ ಹಳಿಗಾಗಿ ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನ ಮನೆಯೊಂದನ್ನು ಇಡಿಯಾಗಿ ಸುಮಾರು ನೂರು ಮೀಟರ್ ಸರಿಸಿದರು. ಅರ್ಧ ನೆಲದೊಳಗೆ ಹುದುಗಿದ್ದ, ಸುಮಾರು 1000 ಟನ್ ತೂಕದ ಇಟ್ಟಿಗೆ ಗಾರೆಯ ಕಟ್ಟಡ. ಯಂತ್ರದ ಸಾಹಸಕ್ಕೆ ಕೈಮುಗಿಯಬೇಕು. ನನ್ನ ಮನಸ್ಸು ಮಾತ್ರ ಹಳೆಯ ಗುಂಡಿಯ ಕಡೆಗೇ ಹೋಯಿತು.

ಮೈಸೂರು ವಿಶ್ವವಿದ್ಯಾನಿಲಯದ ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಆರನೆಯ ಸಂಪುಟದಲ್ಲಿವೆ, ನಾಗಮಂಗಲದವು ಏಳನೆಯದರಲ್ಲಿ. ಪ್ರತಿಯೊಂದು ಪಾಠದ ತಲೆಯ ಮೇಲೆ ಕಲ್ಲು ಇದ್ದ ತಾವನ್ನು ನಮೂದಿಸಿದ್ದಾರೆ: ಇಂಥ ಗುಡಿಯ ಎಡಕ್ಕೆ, ಇಂಥ ಹೊಲದಲ್ಲಿ. ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವ ಸಾಲು ಅದು. ನನಗೆ ಮಾತ್ರ ಪಾಠಕ್ಕಿಂತ ಅದರ ಮೇಲೇ ಹೆಚ್ಚು ಮೋಹ. ಬಾಗಿದ ಕಲ್ಲಿನ ಸುತ್ತ ಇಟ್ಟಿಗೆಯ ಚೂರು, ದಿಬ್ಬ ಕಂಡರೆ, ಅಡಿಯಲ್ಲಿ ಒಂದು ಗುಡಿಯ ತಳಪಾಯವೇ ಇರಬಹುದು.

ನಿವೃತ್ತನಾದ ಮೇಲೆ ಏಳನೆಯ ಸಂಪುಟ ಹಿಡಿದು ನಾಗಮಂಗಲ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆ. ಪುಸ್ತಕ ಹೇಳಿದ ಹೊಲದಲ್ಲಿ ಕಲ್ಲು ಇರಲಿಲ್ಲ. ಪಂಪ್‌ಸೆಟ್ಟಿನ ತೊಟ್ಟಿಯ ಬಳಿ ಬಟ್ಟೆ ಒಗೆಯುವ ಚಪ್ಪಡಿಯಾಗಿ, ಅಕ್ಷರದ ಮುಖ ಕೆಳಗಾಗಿ ಮಲಗಿತ್ತು. “ಟ್ರ್ಯಾಕ್ಟರಿಗೆ ಅಡ್ಡ ಬತ್ತಿತ್ತು ಮೇಷ್ಟ್ರೇ, ಎತ್ತಿ ಹಾಕುದ್ವಿ” ಎಂದನು ಹೊಲದ ಯಜಮಾನ. ಎಲ್ಲಿಂದ ಎತ್ತಿದಿರಪ್ಪಾ ಎಂದು ಕೇಳಿದೆ. ಉತ್ತ ಸಾಲುಗಳ ನಡುವೆ ಹೋಗಿ ಒಂದು ಕಡೆ ನಿಂತು, “ಇಲ್ಲೇ” ಎಂದನು. ಮರುಕ್ಷಣ ನಾಲ್ಕು ಹೆಜ್ಜೆ ಆಚೆ ಸರಿದು, “ಅಲ್ಲಾ, ಇಲ್ಲಿ” ಎಂದನು. ಎರಡು ಜಾಗವನ್ನೂ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ.