ಮೊಲದ ಮನಿ: ಡಬ್ಬಿಯಿಂದ ಶೆಡ್ಡಿನ ತನಕ

ಇಂಗ್ಲೆಂಡಿನಾಗ ಮನಿ ಹಿಂದಿನ ಹಿತ್ತಲದಾಗ ಒಂದು ಕಟಗಿ ಶೆಡ್ಡು ಇರೋದು, ನಮ್ಮ ಕಡೆ ಹಿತ್ತಲದಾಗ ಕರಿಬೇವಿನ ಗಿಡ ಇದ್ದಷ್ಟ ಸಾಮಾನ್ಯ. ಹುಲ್ಲು ಕತ್ತರಿಸೋ ಮಶೀನು, ಹಳೇ ಸೈಕಲ್ಲು, ಅರ್ಧ ಉಳಿದ ಬಣ್ಣದ ಡಬ್ಬಿ, ಎಲ್ಲಾ ಅದರಾಗ. ಈಗೀಗ ಇಂಥಾ ಶೆಡ್ಡು ಖಾಲಿ ಮಾಡಿ, ಸಾಕಿದ ಮೊಲಕ್ಕ ಮನಿ ಮಾಡಿಕೊಡೋ ರೂಢಿ ಇಲ್ಲೆ ಬೆಳದದ. ನಾವೂ ಅದಕ್ಕ ಕೈ ಹಾಕೀವಿ ಅಂತ ಊರಿಗೆ ಫೋನ್ ಮಾಡಿ ಹೇಳಿದ್ರ ನಮ್ಮ ಅವ್ವ, "ಮೊಲಕ್ಕ ಅಷ್ಟು ದೊಡ್ಡ ಮನಿ ಯಾಕಬೇಕವಾ, ಒಂದು ಡಬ್ಬಿ ಸಾಕಾಗಂಗಿಲ್ಲೇನು?" ಅಂದ್ಲು. ಅವ್ವನ ಪ್ರಶ್ನೆ ಹಗರಂದಲ್ಲ. ಈ ದೇಶದ ಮಂದಿನೂ ಭಾಳ ವರ್ಷ ಡಬ್ಬಿನ ಸಾಕು ಅಂತ ನಡಕೊಂಡು ಬಂದಾರ. ಆ ಡಬ್ಬಿ ಯಾಕ ಹುಟ್ಟಿತು ಅನ್ನೋದು ನೋಡಬೇಕು.

ಮೊದಲ ಒಂದು ಗೊಂದಲ ಬಿಡಿಸೋಣ. ಕನ್ನಡದಾಗ ಮೊಲ ಅನ್ನೋದು ಒಂದ ಶಬ್ದ, ಪ್ರಾಣಿ ಮಾತ್ರ ಎರಡು. ನಮ್ಮ ಎರಿ ಹೊಲದಾಗ ಜ್ವಾಳ ಕೊಯ್ಯುವಾಗ ಕಾಲಬುಡದಿಂದ ಚಂಗನೆ ಜಿಗದು ಓಡೋದು ಕಾಡುಮೊಲ. ಅದು ಬಿಲ ತೋಡಂಗಿಲ್ಲ, ನೆಲದ ಮ್ಯಾಲಿನ ಸಣ್ಣ ತಗ್ಗಿನಾಗ ಒಂಟಿಯಾಗಿ ಇರ್ತದ. ಮರಿ ಹುಟ್ಟುವಾಗನ ಕಣ್ಣು ತೆರದು, ಮೈತುಂಬ ಕೂದಲ ಹೊತ್ತು ಬರ್ತಾವ. ಅದನ್ನ ಹಿಡದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಪ್ಯಾಟ್ಯಾಗ ಪಂಜರದಾಗ ಇಟ್ಟು ಮಾರೋ ಬಿಳೇ ಮೊಲ ಬ್ಯಾರೆ ಕುಲದ್ದು. ಅದರ ಮೂಲ ಸ್ಪೇನ್, ಪೋರ್ಚುಗಲ್ಲು, ದಕ್ಷಿಣ ಫ್ರಾನ್ಸು. ಅದು ಗುಂಪಿನ ಜೀವಿ, ಬಿಲದ ಜೀವಿ. ಮರಿ ಹುಟ್ಟುವಾಗ ಕುರುಡು, ಮೈಮ್ಯಾಲೆ ಕೂದಲಿಲ್ಲ. ಎರಡಕ್ಕೂ ಒಂದ ಹೆಸರಿಟ್ಟು ನಾವು ಒಂದ ಅಂತ ತಿಳಕೊಂಡೀವಿ ಅಷ್ಟ.

ಕ್ರಿಸ್ತಪೂರ್ವ ಒಂದನೇ ಶತಮಾನದಾಗ ರೋಮಿನ ವಾರೋ ಅನ್ನಾಂವ, ಎಂಬತ್ತರ ಹೊತ್ತಿಗೆ, ಒಕ್ಕಲುತನದ ಮ್ಯಾಲೆ ಒಂದು ಪುಸ್ತಕ ಬರದ. ಅದರಾಗ ಮೊಲದ ತ್ವಾಟದ ಮಾತು ಬರ್ತದ. ಗ್ವಾಡಿಗೆ ಗಿಲಾವು ಮಾಡಿರಬೇಕು, ಎತ್ತರನೂ ಇರಬೇಕು. ಇಲ್ಲಾಂದ್ರ ಬೆಕ್ಕು ಒಳಗ ಬರ್ತದ, ತ್ವಾಳ ಜಿಗೀತದ. ಹಗಲಿನಾಗ ಅಡಗಲಿಕ್ಕೆ ಪೊದಿ, ಹುಲ್ಲು ಬೇಕು. ಹದ್ದು ಎರಗಬಾರದು ಅಂತ ಟೊಂಗಿ ಹರಡಿದ ಗಿಡ ಬೇಕು. ನೋಡ್ರಿ, ಇವತ್ತು ಶೆಡ್ಡು ಮಾಡವರಿಗೆ ಹೇಳೋ ಬುದ್ಧಿಮಾತೂ ಇಷ್ಟ: ಕಾಡುಪ್ರಾಣಿ ಒಳಗ ಬರಬಾರದು, ಅಡಗಲಿಕ್ಕೆ ಜಾಗಾ ಇರಬೇಕು, ಮ್ಯಾಲಿಂದ ಮುಚ್ಚಿಗಿ ಇರಬೇಕು. ಆದ್ರ ಅದ ವಾರೋ ಇನ್ನೊಂದು ಮಾತೂ ಹೇಳ್ತಾನ. ಇತ್ತಿತ್ತಲಾಗ ಮೊಲಾನ್ನ ತ್ವಾಟದಿಂದ ತಗದು, ಪಂಜರದಾಗ ಹಾಕಿ, ಇಕ್ಕಟ್ಟಿನಾಗ ಕೊಬ್ಬಸೋದು ಸುರು ಆಗ್ಯದ ಅಂತ. ಮೊಲದ ಡಬ್ಬಿ ಹೀಂಗ ಚರಿತ್ರೆಯೊಳಗ ಕಾಲಿಡ್ತದ. ಅದು ಮನಿ ಅಂತ ಹುಟ್ಟಿದ್ದಲ್ಲ, ಅಡಗಿಮನಿಗೆ ಹೋಗೋ ದಾರ್ಯಾಗಿನ ಕೋಣಿ ಅಂತ ಹುಟ್ಟಿದ್ದು.

ನಡುವ ಒಂದು ಕಥಿ ಅದ. ಕ್ರಿ.ಶ. 600ರ ಸುಮಾರಿಗೆ ಪೋಪ್ ಒಬ್ಬರು ಮೊಲದ ಎಳೇ ಮರಿ ಮೀನಿನಂಗ, ಉಪವಾಸದಾಗ ತಿಂದ್ರ ನಡೀತದ ಅಂದ್ರಂತ, ಅದಕ್ಕ ಸನ್ಯಾಸಿಗಳು ಸಾಕಲಿಕ್ಕೆ ಹತ್ತಿದ್ರಂತ. ಪುಸ್ತಕದಿಂದ ಪುಸ್ತಕಕ್ಕ ಭಾಳ ವರ್ಷ ಓಡಾಡಿದ ಕಥಿ. 2018ರಾಗ ಸಂಶೋಧಕರು ಮೂಲ ಹುಡುಕಿ, ಹೆಸರು ಅದಲು ಬದಲಾಗಿ ಹುಟ್ಟಿದ ತಪ್ಪು ಇದು ಅಂತ ತೋರ್ಸಿದ್ರು. ಮೊಲ ಸಾಕುಪ್ರಾಣಿ ಆಗಿದ್ದು ಒಂದು ದಿನದ ಕೆಲಸ ಅಲ್ಲ. ಸಾವಕಾಶ, ಶತಮಾನಗಟ್ಟಲೆ ನಡದದ್ದು.

ಇಂಗ್ಲೆಂಡಿಗೆ ಇವು ನೆಲಸಿದ್ದು ನಾರ್ಮನ್ನರು ಬಂದ ಮ್ಯಾಲೆ, 12–13ನೇ ಶತಮಾನದಾಗ. ಇಲ್ಲಿಯ ಥಂಡಿ, ಗಟ್ಟಿ ನೆಲ ಅವಕ್ಕ ಹಿಡಸಲಿಲ್ಲ. ಅದಕ್ಕ ಜಮೀನ್ದಾರರು ಸಡ್ಲ ಮಣ್ಣು ಪೇರಿಸಿ ಉದ್ದನ ದಿಬ್ಬ ಕಟ್ಟಿಸಿಕೊಟ್ರು. ಮಲಗಿಸಿಟ್ಟ ತಲಿದಿಂಬಿನಂಗ ಕಾಣ್ತಾವ ಅಂತ ಅವಕ್ಕ ದಿಂಬಿನ ದಿಬ್ಬ ಅಂತನ ಹೆಸರು. ಡಾರ್ಟ್‌ಮೂರಿನ ಬಯಲಿನಾಗ ಇವತ್ತಿಗೂ ಅವ. ಮೊಲದ ಮಾಂಸ, ತೊಗಲು ಎಷ್ಟು ತುಟ್ಟಿ ಇತ್ತು ಅಂದ್ರ, ನಾರ್ಫೋಕಿನ ಥೆಟ್‌ಫರ್ಡಿನಾಗ ಮಠದವರು 1400ರ ಸುಮಾರಿಗೆ ಮೊಲದ ಕಾವಲುಗಾರನ ಸಲುವಾಗಿ ಕ್ವಾಟಿಯಂಥಾ ಕಲ್ಲಿನ ಮನಿ ಕಟ್ಟಿಸಿದ್ರು. ಕಳ್ಳರ ಹೆದರಿಕಿ. ಆ ಮನಿ ಈಗೂ ನಿಂತದ. ನನಗ ಇದು ಭಾಳ ಮಜಾ ಅನಸ್ತದ: ಈ ದೇಶದಾಗ ಮನಷ್ಯಾರು ಮೊಲಕ್ಕ ಮನಿ ಕಟ್ಟೋದು ಹೊಸಾ ಹುಚ್ಚೇನಲ್ಲ. ಆ ಕಾಲದ ಮೊಲ ಮಣ್ಣಿನಾಗ ತೋಡ್ಕೊಂಡು, ಬಳಗದ ಜೊತಿ, ಸಾಯೋ ತನಕ ಮೊಲದಂಗ ಬದುಕಿತ್ತು.

ಡಬ್ಬಿ ಗಟ್ಟಿಯಾಗಿ ನೆಲಿಯೂರಿದ್ದು ಬಡವರ ಹಿತ್ತಲದಾಗ. ಕಾರ್ಖಾನಿ ಊರುಗಳು ಬೆಳದ ಮ್ಯಾಲೆ ಒಂದು ಪೆಟ್ಟಿಗಿ, ಒಂದಿಷ್ಟು ತಂತಿ ಜಾಳಿಗಿ ಇದ್ರ ಮೊಲ ಸಾಕಬಹುದಿತ್ತು. ಅದ ಕಾಲಕ್ಕ ಅನುಕೂಲಸ್ಥರ ಮಕ್ಕಳಿಗೆ ಮೊಲ ಆಟದ ಗೆಳೆಯ ಆತು. ಬೀಟ್ರಿಕ್ಸ್ ಪಾಟರ್ ತನ್ನ ಬೆಂಜಮಿನ್ ಅನ್ನೋ ಮೊಲಕ್ಕ ಪಟ್ಟಿ ಕಟ್ಟಿ ತಿರಗಾಡಸ್ತಿದ್ಲು. ಇನ್ನೊಂದರ ಹೆಸರು ಪೀಟರ್. 1902ರಾಗ ಬಂದ ಆಕಿ ಪುಸ್ತಕದಿಂದ ಆ ಹೆಸರು ಜಗತ್ತಿಗೆಲ್ಲಾ ಗೊತ್ತಾತು.

ಆಮ್ಯಾಲೆ ಎರಡನೇ ಮಹಾಯುದ್ಧ. 1940ರ ಜನವರಿಗೆ ರೇಷನ್ನು ಸುರು ಆತು, ಮಾರ್ಚಿಗೆ ಮಾಂಸಕ್ಕೂ ಬಂತು. ಮೊಲ ರೇಷನ್ನಿನ ಹೊರಗಿತ್ತು. ಓಣಿ ಓಣಿಗೆ ಮೊಲ ಸಾಕವರ ಕ್ಲಬ್ಬು, ಹಿತ್ತಲದಾಗ ಹಳೇ ಹಲಗಿ ಬಡದು ಮಾಡಿದ ಪೆಟ್ಟಿಗಿ. ಮೂರು-ನಾಕು ತಿಂಗಳು ಕಾಯಿಪಲ್ಯಾದ ಸಿಪ್ಪಿ, ದಂಡೆಲಿಯನ್ ತಪ್ಪಲ ಹಾಕೋದು, ಆಮ್ಯಾಲೆ ಗಡಿಗಿಗೆ. ಅದ ಹೊತ್ತಿನಾಗ ಸರಕಾರ ಬಾಂಬಿನಿಂದ ಕಾಯ್ಲಿಕ್ಕೆ ಆ್ಯಂಡರ್ಸನ್ ಆಸರಿ ಅಂತ ಡೊಂಕು ತಗಡು ಹಂಚಿತ್ತು. ವರ್ಷಕ್ಕ 250 ಪೌಂಡಿಗಿಂತ ಕಡಿಮಿ ಗಳಸವರಿಗೆ ಪುಕ್ಕಟೆ. ಹಿತ್ತಲದಾಗ ನಾಕು ಫೂಟು ತಗ್ಗು ತೋಡಿ, ಅದನ್ನ ಹೂಳಿ, ಮ್ಯಾಲೆ ಮಣ್ಣು ಹಾಕಿ ಒಳಗ ಕೂಡ್ತಿದ್ರು. ಮನಷ್ಯಾರು ಬಿಲದಾಗ, ಮೊಲ ಪೆಟ್ಟಿಗ್ಯಾಗ! ಯುದ್ಧ ಮುಗದ ಮ್ಯಾಲೆ ಎಷ್ಟೋ ಮಂದಿ ಆ ತಗಡು ಕಿತ್ತು ಹಿತ್ತಲದ ಶೆಡ್ಡು ಮಾಡ್ಕೊಂಡ್ರು.

1953ರಾಗ ಮಿಕ್ಸೊಮಟೋಸಿಸ್ ಅನ್ನೋ ರೋಗ ಕೆಂಟ್ ಪ್ರಾಂತಕ್ಕ ಬಂತು, ಒಂದೆರಡು ವರ್ಷದಾಗ ಬ್ರಿಟನ್ನಿನ ಕಾಡು ಮೊಲದಾಗ ಹೆಚ್ಚೂಕಡಿಮಿ ಎಲ್ಲಾ ಸತ್ತುವು. ಕಣ್ಣು ಬಾತು ರಸ್ತೆ ಮ್ಯಾಲೆ ಬಿದ್ದ ಮೊಲ ನೋಡಿದ ಮಂದಿಗೆ ಅದರ ಮಾಂಸ ಬ್ಯಾಡಾತು. 1954ಕ್ಕ ರೇಷನ್ನೂ ಮುಗೀತು. ಊಟ ಹೋತು, ಪೆಟ್ಟಿಗಿ ಉಳೀತು. ಅದರಾಗ ಮಕ್ಕಳ ಮೊಲ ಬಂದು ಕೂತಿತು.

ನನ್ನ ತಕರಾರು ಇಲ್ಲೆ ಅದ. ಮೂರು-ನಾಕು ತಿಂಗಳ ಬದುಕಿಗೆ ಅಳತಿ ಮಾಡಿದ ಡಬ್ಬಿಯೊಳಗ ಎಂಟು-ಹತ್ತು ವರ್ಷ ಬದುಕೋ ಪ್ರಾಣಿನ್ನ ಇಟ್ರು. ಅದೂ ಒಂಟಿ. ಮಗು ಎರಡು ತಿಂಗಳು ಆಡಸ್ತದ, ಆಮ್ಯಾಲೆ ಮಳಿ ಬರ್ತದ, ಸಾಲಿ ಸುರು ಆಗ್ತದ, ಡಬ್ಬಿ ಹಿತ್ತಲದ ಮೂಲ್ಯಾಗ ಉಳೀತದ. ನಾಯಿಗತೆ ಒದರಿ ಕರೀಲಿಕ್ಕೆ ಮೊಲಕ್ಕ ದನಿ ಇಲ್ಲ. ಇಂಗ್ಲೆಂಡು ಮತ್ತ ವೇಲ್ಸಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕಿದವರ ಮ್ಯಾಲೆ ಹೊಣಿ ಹಾಕ್ತು: ತಕ್ಕ ಜಾಗಾ, ತಕ್ಕ ಆಹಾರ, ಸಹಜ ನಡವಳಿಕಿ, ತಕ್ಕ ಜೊತಿ, ನೋವು-ರೋಗದಿಂದ ಕಾಪು. ಇಲ್ಲಿಯ ಮೊಲ ಕಲ್ಯಾಣ ಸಂಘದವರು ಡಬ್ಬಿ ಅಷ್ಟ ಸಾಲಂಗಿಲ್ಲ ಅಂತ ಚಳವಳಿನ ಮಾಡಿದ್ರು. ಎರಡು ಮೊಲಕ್ಕ ಅವರು ಹೇಳೋ ಅಳತಿ 3 ಮೀಟರು ಉದ್ದ, 2 ಮೀಟರು ಅಗಲ, 1 ಮೀಟರು ಎತ್ತರ, ಹಗಲೂ ರಾತ್ರಿ ಪೂರಾ ಬಿಟ್ಟಿರಬೇಕು. ಇಷ್ಟು ಜಾಗಾ ಹುಡುಕಿದವರ ಕಣ್ಣು ಶೆಡ್ಡಿನ ಮ್ಯಾಲೆ ಬಿತ್ತು.

ನಮ್ಮದು 8 ಫೂಟು, 6 ಫೂಟಿನ ಶೆಡ್ಡು. ಲೆಕ್ಕ ಹಾಕಿದ್ರ ನಾಕೂವರಿ ಚದರ ಮೀಟರು, ಬೇಕಾಗಿದ್ದು ಆರು. ಅದಕ್ಕ ಗ್ವಾಡಿಯೊಳಗ ಬೆಕ್ಕಿನ ಸಣ್ಣ ಬಾಗಲಾ ಕೂಡ್ರಿಸಿ, ಹೊರಗ ಜಾಳಿಗಿ ಹೊದಿಸಿದ ಅಂಗಳ ಜೋಡಸಬೇಕಾತು. ನರಿ ತೋಡಿ ಬರಬಾರದು ಅಂತ ಜಾಳಿಗಿ ನೆಲದಾಗ ಹೂಳಬೇಕು. ಕಿಡಕಿಗೆ ಸೊಳ್ಳಿ ಪರದೆ, ಯಾಕಂದ್ರ ಆ 1953ರ ರೋಗ ಹೋಗಿಲ್ಲ. ಸೊಳ್ಳಿ, ಚಿಗಟ ಅದನ್ನ ತರ್ತಾವ. 1984ರಾಗ ಚೀನಾದಾಗ ಕಂಡ ರಕ್ತಸ್ರಾವದ ರೋಗ ಒಂದು, 2010ರಾಗ ಫ್ರಾನ್ಸಿನಾಗ ಕಂಡ ಅದರ ತಮ್ಮ ಒಂದು. ಮೂರಕ್ಕೂ ವರ್ಷಾ ವರ್ಷಾ ಲಸಿಕಿ. ಗಜ್ಜರಿ ಅಂದ್ರ ಮೊಲ, ಮೊಲ ಅಂದ್ರ ಗಜ್ಜರಿ ಅಂತ ಚಿತ್ರದಾಗ ಬರೀತಾರ, ಖರೇ ಊಟ ಒಣಹುಲ್ಲು. ಹಲ್ಲು ಬೆಳೀತನ ಇರ್ತಾವ, ಅದನ್ನ ತೇಯೋದು ಹುಲ್ಲು.

ಉಳಿದದ್ದು ಸೆಕಿ. ಮೊಲ ಥಂಡಿ ತಡಕೊಳ್ತದ, ಬಿಸಲ ತಡಿಯಂಗಿಲ್ಲ. 2022ರ ಜುಲೈ 19ಕ್ಕ ಇಂಗ್ಲೆಂಡಿನಾಗ ಮೊದಲನೇ ಸಲ 40 ಡಿಗ್ರಿ ದಾಟಿತು, ಕಟಗಿ ಶೆಡ್ಡು ಅಂಥಾ ದಿನ ಭಟ್ಟಿನ. ಇಂಗ್ಲಿಷಿನ ಶೆಡ್ಡು ಅನ್ನೋ ಶಬ್ದ ನೆರಳು ಅನ್ನೋ ಶಬ್ದದಿಂದ ಬಂದದ್ದಂತ, ಆದ್ರ ಹೆಸರಿನಾಗ ನೆರಳಿದ್ರ ಸಾಲಂಗಿಲ್ಲ. ಎದುರಾಬದರಾ ಗಾಳಿಕಂಡಿ ಕೊರದು, ಮಾಳಗಿಗೆ ಒಳಗಿಂದ ಇನ್ನೊಂದು ಹಲಗಿ ಬಡದೀವಿ. ಅಂಗಳದ ಮೂಲ್ಯಾಗ ದೊಡ್ಡ ಕೊಳವಿ ಹಾಕಿ ಮ್ಯಾಲೆ ಎರಡು ಫೂಟು ಮಣ್ಣು ಪೇರಸೀವಿ, ಡಾರ್ಟ್‌ಮೂರಿನ ದಿಬ್ಬದಂಗ. ಮಧ್ಯಾಹ್ನ ಎರಡೂ ಮೊಲ ಅದರಾಗ ಇರ್ತಾವ, ಶೆಡ್ಡು ಖಾಲಿ ಇರ್ತದ.